ಅಕ್ರಾದ ಫಾರ್ಮಸಿಸ್ಟ್, ಅಕ್ರಾದ ಟ್ರಂಪೆಟ್

ಘಾನಾ ದೇಶದ ಇ. ಟಿ. ಮೆನ್ಸಾ ಅವರನ್ನು ‘ಹೈಲೈಫ್ ಸಂಗೀತದ ರಾಜ’ ಎಂದು ಕರೆಯುವುದು ರೂಢಿ; ಹೈಲೈಫ್ ಎಂದರೆ ಸ್ಥಳೀಯ ಲಯವನ್ನು ಪಾಶ್ಚಾತ್ಯ ವಾದ್ಯಗಳಲ್ಲಿ ನುಡಿಸುವ ಪಶ್ಚಿಮ ಆಫ್ರಿಕಾದ ಕುಣಿತದ ಸಂಗೀತ. ಬೀದರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನ್ನನ್ನು ಮೊದಲು ಸೆಳೆದದ್ದು ಈ ಬಿರುದಲ್ಲ, ಅವರೂ ಫಾರ್ಮಸಿಸ್ಟ್ ಆಗಿದ್ದರು ಎಂಬ ಸಂಗತಿ. ಅಕ್ರಾದ ಕೊರ್ಲೆ ಬು ಆಸ್ಪತ್ರೆಯಲ್ಲಿ ತರಬೇತಿ ಪಡೆದು ಹಗಲು ಔಷಧಿ ಕೊಡುತ್ತಿದ್ದ ಅವರು, ರಾತ್ರಿ ಕ್ಲಬ್ಬುಗಳಲ್ಲಿ ಟ್ರಂಪೆಟ್ ಊದಿ ಜನರನ್ನು ಕುಣಿಸುತ್ತಿದ್ದರು.

1919ರಲ್ಲಿ ಅಕ್ರಾದಲ್ಲಿ ಹುಟ್ಟಿದ ಮೆನ್ಸಾ, ಶಾಲೆಯಲ್ಲಿ ಲ್ಯಾಂಪ್ಟಿ ಎಂಬ ಶಿಕ್ಷಕರ ಕೈಯಲ್ಲಿ ಕೊಳಲು ನುಡಿಸುತ್ತ ಬ್ಯಾಂಡಿನ ಪಾಠ ಕಲಿತರು. ಅಣ್ಣ ಯೆಬುವಾ ಕಟ್ಟಿದ ವಾದ್ಯವೃಂದದಲ್ಲಿಯೂ ನುಡಿಸಿದರು. ಆ ಕರಾವಳಿಗೆ ಹಿತ್ತಾಳೆ ವಾದ್ಯಗಳು ಬಂದದ್ದು ಬ್ರಿಟಿಷರ ಕೋಟೆಗಳ ಮೂಲಕ. 19ನೇ ಶತಮಾನದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ವೆಸ್ಟ್ ಇಂಡೀಸ್ ಸೈನಿಕರು ಬಿಡುವಿನಲ್ಲಿ ತಮ್ಮ ಊರಿನ ಧಾಟಿಗಳನ್ನು ನುಡಿಸುವುದನ್ನು ಕೇಳಿದ ಸ್ಥಳೀಯರು, ಅದೇ ವಾದ್ಯಗಳಲ್ಲಿ ತಮ್ಮ ಲಯವನ್ನು ನುಡಿಸತೊಡಗಿದರು. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್ ಕೂಡ ಪಲ್ಟಣದ ವಾದ್ಯಗಳಿಂದಲೇ ಬೆಳೆದದ್ದು ಎಂದು ನೆನೆದರೆ, ಘಾನಾ ಅಷ್ಟೇನೂ ದೂರವೆನಿಸುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ರಾಕ್ಕೆ ಬಂದ ಜ್ಯಾಕ್ ಲೆಪರ್ಡ್ ಎಂಬ ಸ್ಕಾಟ್ಲೆಂಡಿನ ಸಾರ್ಜೆಂಟ್, ಸ್ವತಃ ಸ್ಯಾಕ್ಸೊಫೋನ್ ವಾದಕ. ಬಿಳಿಯ ಮತ್ತು ಕರಿಯ ವಾದಕರನ್ನು ಕೂಡಿಸಿ ಅವನು ಕಟ್ಟಿದ ಬ್ಯಾಂಡಿನಲ್ಲಿ ಮೆನ್ಸಾ ಸೇರಿಕೊಂಡರು. ನಾಲಗೆಯಿಂದ ಒಂದೊಂದು ಸ್ವರವನ್ನೂ ಬಿಡಿಸಿ ನುಡಿಸುವುದು, ಸ್ವರವನ್ನು ಅಲುಗಾಡದಂತೆ ಹಿಡಿಯುವುದು, ಬೇಕಾದಲ್ಲಿ ಮಾತ್ರ ಕಂಪನ ಕೊಡುವುದು ಮುಂತಾದ ಶಿಸ್ತು ಅವರಿಗೆ ಬಂದದ್ದು ಅಲ್ಲಿಂದ. ಪ್ರತಿಭೆಯ ಕಥೆಗಳಲ್ಲಿ ಇಂಥ ಬೇಸರದ ಅಭ್ಯಾಸಕ್ಕೆ ಜಾಗ ಸಿಗುವುದು ಕಡಿಮೆ.

ಯುದ್ಧ ಮುಗಿದ ಮೇಲೆ ಮೆನ್ಸಾ ‘ಟೆಂಪೋಸ್’ ಬ್ಯಾಂಡಿಗೆ ಬಂದರು, 1940ರ ದಶಕ ಮುಗಿಯುವುದರೊಳಗೆ ಅದರ ನಾಯಕರಾದರು. ಅವರ ನಿಜವಾದ ಸಾಧನೆ ಇಲ್ಲಿದೆ ಎಂದು ನನ್ನ ಎಣಿಕೆ. ಯುದ್ಧಕ್ಕೆ ಮೊದಲಿನ ದೊಡ್ಡ ವಾದ್ಯವೃಂದಗಳಲ್ಲಿ ವಾಲ್ಟ್ಜ್, ಫಾಕ್ಸ್‌ಟ್ರಾಟ್ ಎಂಬ ಪಾಶ್ಚಾತ್ಯ ಕುಣಿತದ ಧಾಟಿಗಳ ನಡುವೆ ಹೈಲೈಫ್ ಒಂದೆರಡು ಹಾಡಿಗೆ ಸೀಮಿತವಾಗಿತ್ತು. ಟೆಂಪೋಸ್ ಆ ಭಾರಿ ಗುಂಪನ್ನು ಬಿಟ್ಟು ಕೆಲವೇ ವಾದಕರ ಸಣ್ಣ ಬ್ಯಾಂಡಾಗಿ ನಿಂತಿತು. ಡ್ರಮ್ ವಾದಕ ಗೈ ವಾರನ್ ಲಂಡನ್ನಿನಿಂದ ವೆಸ್ಟ್ ಇಂಡೀಸಿನ ಕ್ಯಾಲಿಪ್ಸೊ ಹಾಡುಗಳ ಮತ್ತು ಕ್ಯೂಬಾದ ತಾಳವಾದ್ಯಗಳ ಒಲವು ಹೊತ್ತು ತಂದರು. ವಾದ್ಯಗಳ ಗದ್ದಲ ತಗ್ಗಿದೊಡನೆ ಸ್ಥಳೀಯ ಲಯ ಮುಂದೆ ಬಂತು.

ಈ ಮಾತನ್ನು ನನಗೆ ಮನದಟ್ಟು ಮಾಡಿಸಿದವರು ನಮ್ಮ ಓಣಿಯ ಬ್ಯಾಂಡಿನ ಹಿರಿಯ ವಾದಕರೊಬ್ಬರು. ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಅಂಗಡಿಗೆ ಬಂದವರಿಗೆ ನಾನು ಮೊಬೈಲಿನಲ್ಲಿ ಮೆನ್ಸಾ ಅವರ ಹಾಡೊಂದನ್ನು ಕೇಳಿಸಿದೆ. ಅವರು ಗಾಜಿನ ಕೌಂಟರಿನ ಮೇಲೆ ಮೂರು ಬೆರಳು ಆಡಿಸುತ್ತ, ಟ್ರಂಪೆಟ್ಟಿನ ವಾಲ್ವ್‌ಗಳನ್ನು ಒತ್ತುವವರಂತೆ ಸ್ವಲ್ಪ ಹೊತ್ತು ಕೇಳಿದರು. “ನೋಡ್ರಿ ಅಣ್ಣಾರ, ತಾಳ ತನ್ನ ಪಾಡಿಗೆ ಮುಂದ ಹೊಂಟದ, ಇವ ಅವಸರಾನೇ ಮಾಡವಲ್ಲ. ಉಸಿರಿಗಿ ಜಾಗ ಬಿಟ್ಟು ಊದ್ಲತ್ಯಾನ,” ಎಂದರು. ಮೆನ್ಸಾ ಅವರ ಟ್ರಂಪೆಟ್ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಓದಿಲ್ಲ.

ಆಫ್ರಿಕಾ ಎಂದೊಡನೆ ನಮ್ಮವರು ಊರ ಹೊರಗಿನ ಹಬ್ಷಿ ಕೋಟ್ ಗುಡ್ಡವನ್ನು ನೆನೆಯುವುದುಂಟು. ಆದರೆ ಅಲ್ಲಿ ಗೋರಿಗಳಲ್ಲಿರುವ ಸರದಾರರ ಮೂಲ ಅಬಿಸೀನಿಯಾ (ಇಂದಿನ ಇಥಿಯೋಪಿಯಾ), ಎಂದರೆ ಆಫ್ರಿಕಾದ ಪೂರ್ವದ ಅಂಚು. ಮೆನ್ಸಾ ಪಶ್ಚಿಮ ಕರಾವಳಿಯವರು. ಇವೆರಡನ್ನೂ ಒಂದೇ ಗಂಟಿಗೆ ಕಟ್ಟುವುದು ಸಲ್ಲದು.

1950ರ ದಶಕದಲ್ಲಿ ಟೆಂಪೋಸ್ ನೈಜೀರಿಯಾಕ್ಕೆ ಮತ್ತೆ ಮತ್ತೆ ಹೋಗಿ ನುಡಿಸಿತು; ವಿಕ್ಟರ್ ಒಲಾಯಿಯಾ ಅವರಂತಹ ಅಲ್ಲಿನ ವಾದಕರು ಆ ದಾರಿ ಹಿಡಿದರು. ಮೆನ್ಸಾ ಒಂದೇ ನುಡಿಗೆ ಅಂಟಿಕೊಳ್ಳದೆ ಟ್ವಿ, ಫಾಂಟಿ, ಗಾ, ಇಂಗ್ಲಿಷ್ ಮೊದಲಾದ ಭಾಷೆಗಳಲ್ಲಿ ಹಾಡಿದ್ದರಿಂದ, ಧ್ವನಿಮುದ್ರಿಕೆಗಳು ಗಡಿ ದಾಟಿ ಮಾರಾಟವಾದವು. 1956ರಲ್ಲಿ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅಕ್ರಾಕ್ಕೆ ಬಂದಾಗ ಇಬ್ಬರೂ ಜೊತೆಯಾಗಿ ನುಡಿಸಿದರು. ಮರುವರ್ಷ ದೇಶ ಸ್ವತಂತ್ರವಾದಾಗ ಮೆನ್ಸಾ ಅವರ ‘ಘಾನಾ ಫ್ರೀಡಂ’ ಆ ಸಂಭ್ರಮದ ಹಾಡಾಯಿತು.

ಮುಂದೆ ಗಿಟಾರ್ ಬ್ಯಾಂಡುಗಳೂ ಪಾಪ್ ಸಂಗೀತವೂ ಜನರನ್ನು ಸೆಳೆದವು, ಡಾನ್ಸ್ ಬ್ಯಾಂಡುಗಳ ಕಾಲ ಇಳಿಯಿತು, ಮೆನ್ಸಾ ಸರ್ಕಾರಿ ಫಾರ್ಮಸಿಸ್ಟ್ ಕೆಲಸಕ್ಕೆ ಮರಳಿದರು. ಇದನ್ನು ಪತನವೆಂಬಂತೆ ಬರೆಯುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಬ್ಯಾಂಡಿನವರ ಸಂಬಳ, ಪ್ರಯಾಣ, ವಾದ್ಯಗಳ ದುರಸ್ತಿ ಎಲ್ಲವನ್ನೂ ಹೆಗಲ ಮೇಲೆ ಹೊತ್ತು ನಡೆದವರಿಗೆ ತಿಂಗಳ ಸಂಬಳದ ಬೆಲೆ ಚೆನ್ನಾಗಿಯೇ ಗೊತ್ತಿರುತ್ತದೆ. 1980ರ ದಶಕದಲ್ಲಿ ಹಳೆಯ ಮುದ್ರಿಕೆಗಳು ಮರುಬಿಡುಗಡೆಯಾಗಿ ಹೊಸ ಕೇಳುಗರು ಸಿಕ್ಕರು. ಮೆನ್ಸಾ ತೀರಿಕೊಂಡದ್ದು 1996ರಲ್ಲಿ. ಕೇಳಬಯಸುವವರು ‘ಆಲ್ ಫಾರ್ ಯು’ ಹಾಡಿನಿಂದ ಆರಂಭಿಸಬಹುದು. ಕ್ಯಾಲಿಪ್ಸೊದ ನಡೆ ಅದರಲ್ಲಿ ಎದ್ದು ಕೇಳಿಸುತ್ತದೆ.