ಇಷ್ಟೆಲ್ಲ ರೂಲ್ಸ್ ಇದ್ದೂ ಗ್ಯಾಸ್ ಪೈಪ್ ಯಾಕೆ ಸಿಡಿಯುತ್ತೆ? ಸರ್ಕಾರ ನೋಡಲ್ವಾ?

ಪೈಪ್‌ಲೈನ್ ತಪಾಸಣೆಯ ಕೆಲಸ ಅಂತ ಹೇಳಿಕೊಂಡ ತಕ್ಷಣ ನನಗೆ ಬರುವ ಪ್ರಶ್ನೆ ಇದೊಂದೇ. ಮದುವೆ ಮನೆಯಲ್ಲಿ ಕೇಳುತ್ತಾರೆ, ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಕೇಳುತ್ತಾರೆ. ಬೆಂಗಳೂರಿನವರಿಗೆ ಮನೆ ಮುಂದೆ ರಸ್ತೆ ಅಗೆದು ಹಾಕಿದ ಪೈಪಿನ ಚಿಂತೆ. ತುಮಕೂರು ಕಡೆಯವರಿಗೆ ಹೊಲದ ಅಡಿಯಲ್ಲಿ ಹೋಗಿರುವ ದೊಡ್ಡ ಲೈನಿನ ಚಿಂತೆ. ಕೇಳುವ ಧಾಟಿ ಮಾತ್ರ ಒಂದೇ: "ಇದನ್ನೆಲ್ಲ ಯಾರಾದ್ರೂ ಚೆಕ್ ಮಾಡ್ತಾರೋ, ಇಲ್ಲಾ ಹೂತು ಮರೆತುಬಿಡ್ತಾರೋ?"

ಚಿಕ್ಕ ಉತ್ತರ ಹೀಗಿದೆ. ಸರ್ಕಾರ ನೋಡುತ್ತದೆ. ಆದರೆ ಪೈಪನ್ನಲ್ಲ, ಪೈಪಿನ ಕಾಗದವನ್ನು. ಆ ಕಾಗದ ಬರೆದಿರುವುದು ಪೈಪಿನ ಕಂಪನಿಯೇ. ರಸ್ತೆಯಲ್ಲಿ ಗಾಡಿ ನಿಲ್ಲಿಸಿದ ಪೊಲೀಸರು ಹೊಗೆ ತಪಾಸಣೆಯ ಸರ್ಟಿಫಿಕೇಟ್ ನೋಡುತ್ತಾರೆಯೇ ಹೊರತು ಸೈಲೆನ್ಸರ್‌ಗೆ ಮೂಗು ಇಡುವುದಿಲ್ಲ ಅಲ್ವಾ, ಹಾಗೆ.

ಉದ್ದ ಉತ್ತರಕ್ಕೆ ಅಮೆರಿಕದ ಒಂದು ಊರಿಗೆ ಹೋಗಬೇಕು. ಯಾಕೆ ಅಲ್ಲಿಗೇ ಅಂದರೆ, ಆ ದುರಂತದಲ್ಲಿ ಏನೇನಾಯಿತು ಅನ್ನುವುದನ್ನು ಎಳೆ ಎಳೆಯಾಗಿ ಬಿಡಿಸಿ ಬಹಿರಂಗವಾಗಿ ಬರೆದಿಟ್ಟಿದ್ದಾರೆ.

ಸ್ಯಾನ್ ಬ್ರೂನೊ. ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಹತ್ತಿರದ ಊರು. ಬೇ ಏರಿಯಾದಲ್ಲಿರುವ ನಮ್ಮ ಕನ್ನಡದವರಿಗೆ ಗೊತ್ತಿರುವ ಜಾಗ. 2010ರ ಸೆಪ್ಟೆಂಬರ್ 9, ಸಂಜೆ ಆರು ದಾಟಿತ್ತು. ಮನೆಗಳ ನಡುವೆ ರಸ್ತೆಯ ಅಡಿಯಲ್ಲಿದ್ದ 30 ಇಂಚಿನ ಗ್ಯಾಸ್ ಲೈನ್ ಸಿಡಿಯಿತು. 8 ಜನ ಸತ್ತರು, 38 ಮನೆ ನಾಶವಾದವು. ಸುಮಾರು 28 ಅಡಿ ಉದ್ದದ ಪೈಪಿನ ತುಂಡು ಕಿತ್ತು ನೂರು ಅಡಿ ಆಚೆ ಹೋಗಿ ಬಿತ್ತು. ಬೆಂಕಿಗೆ ಗ್ಯಾಸ್ ಹೋಗುವುದನ್ನು ನಿಲ್ಲಿಸಲು 95 ನಿಮಿಷ ಬೇಕಾಯಿತು. ಏಕೆಂದರೆ ಅಲ್ಲಿ ತಾನಾಗಿಯೇ ಮುಚ್ಚಿಕೊಳ್ಳುವ ವಾಲ್ವ್ ಇರಲಿಲ್ಲ. ಸಿಬ್ಬಂದಿ ಗಾಡಿ ಹತ್ತಿ ಹೋಗಿ ಕೈಯಿಂದ ತಿರುಗಿಸಬೇಕಿತ್ತು.

ಲೈನ್ ಪಿಜಿ&ಇ ಕಂಪನಿಯದು. 1956ರಲ್ಲಿ ಹಾಕಿದ್ದು. ಆ ಸಂಜೆ ಕಂಪನಿಯ ಒಂದು ಗ್ಯಾಸ್ ಟರ್ಮಿನಲ್‌ನಲ್ಲಿ ಕರೆಂಟಿನ ಕೆಲಸ ನಡೆಯುತ್ತಿದ್ದಾಗ ಒತ್ತಡ ಏರಿ ಚದರ ಇಂಚಿಗೆ 386 ಪೌಂಡ್ ಮುಟ್ಟಿತ್ತು. ಆ ಲೈನಿಗೆ ಕಂಪನಿ ಇಟ್ಟುಕೊಂಡಿದ್ದ ಗರಿಷ್ಠ ಮಿತಿ 400. ಅಂದರೆ ಮಿತಿ ದಾಟಿರಲೇ ಇಲ್ಲ! ಕಾಗದದ ಪ್ರಕಾರ ಎಲ್ಲ ಸರಿಯಾಗಿತ್ತು.

ಆ ಕಾಗದದಲ್ಲಿ ಏನಿತ್ತು ನೋಡಿ. ಕಂಪನಿಯ ಕಂಪ್ಯೂಟರಿನಲ್ಲಿ ಆ ಜಾಗದ ಪೈಪು "ಸೀಮ್‌ಲೆಸ್", ಅಂದರೆ ಉದ್ದಕ್ಕೆ ಬೆಸುಗೆಯೇ ಇಲ್ಲದ ಪೈಪು ಅಂತ ದಾಖಲಾಗಿತ್ತು. ಆದರೆ ಆ ಕಾಲದಲ್ಲಿ ಅಮೆರಿಕದಲ್ಲಿ 30 ಇಂಚಿನ ಸೀಮ್‌ಲೆಸ್ ಪೈಪ್ ಯಾರೂ ತಯಾರಿಸುತ್ತಲೇ ಇರಲಿಲ್ಲ. ಪೈಪಿನ ಕೆಲಸ ಗೊತ್ತಿದ್ದವರು ಆ ಒಂದು ಸಾಲು ಓದಿದ್ದರೆ ಸಾಕು, "ಇದೆಲ್ಲಿಂದ ಬಂತು ಸ್ವಾಮಿ?" ಅಂತ ಕೇಳುತ್ತಿದ್ದರು. ಆ ಮಾಹಿತಿ ಬಂದದ್ದು ಎಂಜಿನಿಯರುಗಳ ದಾಖಲೆಯಿಂದಲೂ ಅಲ್ಲ. ಸಾಮಾನಿನ ಲೆಕ್ಕ ಬರೆದಿದ್ದ ಒಂದು ಅಕೌಂಟ್ಸ್ ವೋಚರಿನಿಂದ.

ನಿಜವಾಗಿ ನೆಲದಡಿ ಇದ್ದದ್ದು ಸಣ್ಣ ಸಣ್ಣ ತುಂಡುಗಳನ್ನು ಸೇರಿಸಿ ಬೆಸೆದ ಪೈಪು. ಕೆಲವು ತುಂಡುಗಳ ಉದ್ದದ ಬೆಸುಗೆ ಒಳಗಡೆಯಿಂದ ಆಗಿರಲೇ ಇಲ್ಲ, ಹೊರಗಿನಿಂದಷ್ಟೇ ಕೂಡಿಸಿದ್ದರು. ನಾನು ಸೈಟಿನಲ್ಲಿ ಕಲಿತ ಮೊದಲ ಪಾಠ ಇದೇ: ಹೊರಗಿನಿಂದ ಬೆಸುಗೆ ಎಷ್ಟು ಚೆನ್ನಾಗಿ ಕಂಡರೂ ಎಕ್ಸ್‌ರೇ ಫಿಲ್ಮ್ ನೋಡದೆ ಸಹಿ ಹಾಕಬೇಡ. ಫಿಲ್ಮಿನಲ್ಲಿ ಒಳಗಿನ ಬೆಸುಗೆ ಕೂಡದ ಜಾಗ ಒಂದು ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಆ ಗೆರೆ ಹೊತ್ತ ಪೈಪು 54 ವರ್ಷ ಮನೆಗಳ ನಡುವೆ ಗ್ಯಾಸ್ ಸಾಗಿಸಿತು.

ಹಾಗಾದರೆ ತಪಾಸಣೆ ಆಗಿರಲಿಲ್ಲವೇ? ಆಗಿತ್ತು. ಇದೇ ಈ ಕಥೆಯ ತಿರುಳು. 2000ನೇ ಇಸವಿಯಲ್ಲಿ ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬಾಡ್ ಹತ್ತಿರ ಒಂದು ಲೈನ್ ಸಿಡಿದು 12 ಜನ ಸತ್ತಿದ್ದರು. ಅದಾದ ಮೇಲೆ ಅಮೆರಿಕದಲ್ಲಿ ಹೊಸ ಕಾನೂನು ಬಂತು. ಜನ ಜಾಸ್ತಿ ಇರುವ ಕಡೆ ಹೋಗುವ ಲೈನಿನ ಆರೋಗ್ಯವನ್ನು ಕಂಪನಿ 7 ವರ್ಷಕ್ಕೊಮ್ಮೆ ಪರೀಕ್ಷಿಸಲೇಬೇಕು. ಹೇಗೆ ಅನ್ನುವುದಕ್ಕೆ ಮುಖ್ಯವಾಗಿ ಮೂರು ದಾರಿ ಕೊಟ್ಟರು. ಒಂದು, ಪೈಪಿನೊಳಗೆ ಸೆನ್ಸರ್ ಹೊತ್ತ ಯಂತ್ರ ಓಡಿಸುವುದು. ನಾವು ಅದನ್ನು ಪಿಗ್ ಅನ್ನುತ್ತೇವೆ. ಇನ್ನೊಂದು ಹೈಡ್ರೋಟೆಸ್ಟ್: ಗ್ಯಾಸ್ ಖಾಲಿ ಮಾಡಿ, ನೀರು ತುಂಬಿ, ಮಾಮೂಲಿಗಿಂತ ಜಾಸ್ತಿ ಒತ್ತಡ ಕೊಟ್ಟು ತಡೆಯುತ್ತಾ ನೋಡುವುದು. ಮೂರನೆಯದು ಡೈರೆಕ್ಟ್ ಅಸೆಸ್‌ಮೆಂಟ್. ನೆಲದ ಮೇಲಿನಿಂದ ಅಳತೆ ತೆಗೆದು, ತುಕ್ಕು ತಡೆಯಲು ಪೈಪಿನ ಮೇಲೆ ಹಾಕಿರುವ ಕೋಟಿಂಗ್ ಹೋಗಿರಬಹುದಾದ ಜಾಗ ಅಂದಾಜು ಮಾಡಿ, ಅಲ್ಲಲ್ಲಿ ಗುಂಡಿ ತೆಗೆದು ನೋಡುವುದು. ಮೂರರಲ್ಲಿ ಇದೇ ಅಗ್ಗ. ತುಕ್ಕು ಹುಡುಕಲು ಇದು ಪರವಾಗಿಲ್ಲ. ಉದ್ದದ ಬೆಸುಗೆಯ ದೋಷ ಮಾತ್ರ ಇದರಿಂದ ಸಿಗುವುದೇ ಇಲ್ಲ.

ಪಿಜಿ&ಇ ಆರಿಸಿಕೊಂಡದ್ದು ಮೂರನೆಯದನ್ನು. ದಾಖಲೆಯಲ್ಲಿ ಪೈಪಿಗೆ ಬೆಸುಗೆಯೇ ಇಲ್ಲ ಅಂದಮೇಲೆ ಬೆಸುಗೆಯ ಪರೀಕ್ಷೆ ಯಾಕೆ? ತಪ್ಪು ಕಾಗದ ತಪ್ಪು ಪರೀಕ್ಷೆಗೆ ದಾರಿ ಮಾಡಿಕೊಟ್ಟಿತು. ರಾಜ್ಯದ ನಿಯಂತ್ರಕರು ಬಂದು ಆಡಿಟ್ ಮಾಡಿದರು. ಯೋಜನೆ ಇದೆಯಾ, ಇದೆ. ಪರೀಕ್ಷೆ ಆಗಿದೆಯಾ, ಆಗಿದೆ. ಹೊರಟರು.

ಇನ್ನೊಂದು ವಿಷಯ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಹೊಸ ಲೈನಿಗೆ ಹೈಡ್ರೋಟೆಸ್ಟ್ ಕಡ್ಡಾಯ ಅಂತ ಕ್ಯಾಲಿಫೋರ್ನಿಯಾ 1961ರಲ್ಲೇ ನಿಯಮ ಮಾಡಿತ್ತು. ಕೇಂದ್ರದ ನಿಯಮ 1970ರಲ್ಲಿ ಬಂತು. ಎರಡರಲ್ಲೂ ಆಗಲೇ ನೆಲದಲ್ಲಿದ್ದ ಹಳೇ ಲೈನುಗಳಿಗೆ ವಿನಾಯಿತಿ. ಹಳೆಯದಕ್ಕೇ ಪರೀಕ್ಷೆ ಬೇಡ ಅನ್ನುವುದು ಯಾವ ನ್ಯಾಯ? ಹೈಡ್ರೋಟೆಸ್ಟ್ ಮಾಡಿಸಿದ್ದರೆ ಆ ಕೆಟ್ಟ ಬೆಸುಗೆ ಬಹುಶಃ ಆವತ್ತೇ ಸಿಕ್ಕಿಬೀಳುತ್ತಿತ್ತು ಅಂತ ತನಿಖೆ ಮಾಡಿದ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2011ರಲ್ಲಿ ಹೇಳಿತು. ಆ ವಿನಾಯಿತಿ ತೆಗೆಯುವ ನಿಯಮ ಬಂದದ್ದು 2019ರಲ್ಲಿ. ಕೆಲಸ ಪೂರ್ತಿ ಮುಗಿಸಲು ಕಂಪನಿಗಳಿಗೆ ಕೊಟ್ಟ ಗಡುವು 2035. ಲೆಕ್ಕ ಹಾಕಿ, ಸ್ಯಾನ್ ಬ್ರೂನೊ ಆದ 25 ವರ್ಷಕ್ಕೆ.

ದುರಂತದ ನಂತರ ಲೈನುಗಳ ದಾಖಲೆ ತೋರಿಸಿ ಅಂತ ಆದೇಶವಾಯಿತು. ಕಂಪನಿಯವರು ಹಳೇ ಕಾಗದದ ಸಾವಿರಾರು ಪೆಟ್ಟಿಗೆಗಳನ್ನು ಕೌ ಪ್ಯಾಲೆಸ್ ಅನ್ನುವ ದೊಡ್ಡ ಒಳಾಂಗಣಕ್ಕೆ ಸಾಗಿಸಿ, ಜನರನ್ನು ಕೂರಿಸಿ ಹುಡುಕಿಸಿದರು. ಸುರಕ್ಷತೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಹೆಲ್ಮೆಟ್ಟು, ಸೈರನ್ನು. ಅಲ್ಲಿ ಅದು ಧೂಳು ಹಿಡಿದ ಫೈಲು ಹುಡುಕುವ ಕೆಲಸವಾಗಿತ್ತು.

ಶಿಕ್ಷೆಯ ವಿಷಯಕ್ಕೆ ಬರೋಣ. 2015ರಲ್ಲಿ ಗ್ಯಾಸ್, ಕರೆಂಟ್ ಕಂಪನಿಗಳನ್ನು ನಿಯಂತ್ರಿಸುವ ರಾಜ್ಯದ ಆಯೋಗ 160 ಕೋಟಿ ಡಾಲರ್ ದಂಡ ಹಾಕಿತು. ಅದರಲ್ಲಿ 85 ಕೋಟಿಯನ್ನು ಕಂಪನಿ ಷೇರುದಾರರ ದುಡ್ಡಿನಲ್ಲೇ ಪೈಪ್ ಸರಿಮಾಡಲು ಹಾಕಬೇಕು ಅಂತ ಹೇಳಿದ್ದು ನನಗೆ ಇಷ್ಟವಾದ ಭಾಗ. ಬೊಕ್ಕಸಕ್ಕೆ ಹೋಗುವ ದಂಡದಿಂದ ಯಾವ ಬೆಸುಗೆಯೂ ಗಟ್ಟಿಯಾಗುವುದಿಲ್ಲ. ಆಮೇಲೆ ಕ್ರಿಮಿನಲ್ ಕೇಸೂ ನಡೆಯಿತು. ಪೈಪ್‌ಲೈನ್ ಸುರಕ್ಷತಾ ಕಾನೂನು ಮುರಿದ 5 ಆರೋಪ, ತನಿಖೆಗೆ ಅಡ್ಡಿ ಮಾಡಿದ 1 ಆರೋಪ ಸಾಬೀತಾದವು. 2017ರಲ್ಲಿ ಕೋರ್ಟ್ ಕೊಟ್ಟ ದಂಡ 30 ಲಕ್ಷ ಡಾಲರ್. ಕಾನೂನಿನಲ್ಲಿ ಅದಕ್ಕಿಂತ ಹೆಚ್ಚು ಹಾಕಲು ಅವಕಾಶವಿರಲಿಲ್ಲ. ಜೊತೆಗೆ 5 ವರ್ಷ ಕೋರ್ಟಿನ ನಿಗಾ. ಒಬ್ಬ ಮನುಷ್ಯನೂ ಜೈಲಿಗೆ ಹೋಗಲಿಲ್ಲ. ಇನ್ನು ದಂಡ ಹಾಕಬೇಕಾದ ಆಯೋಗದ ಅಧ್ಯಕ್ಷರೇ ಕಂಪನಿಯವರ ಜೊತೆ ಸಲುಗೆಯಿಂದ ಇಮೇಲ್ ಬರೆದುಕೊಳ್ಳುತ್ತಿದ್ದದ್ದು ಹೊರಬಿತ್ತು. 2014ರ ಕೊನೆಗೆ ಅವರು ಹುದ್ದೆ ಬಿಟ್ಟರು.

"ಅದು ಅಮೆರಿಕ ಮಾರಾಯರೇ, ನಮ್ಮದು ಹೇಳಿ" ಅನ್ನುವವರಿಗೆ ಈಗ ನಮ್ಮದು.

2014ರ ಜೂನ್ 27ರ ಬೆಳಗಿನ ಜಾವ, ಆಂಧ್ರದ ಗೋದಾವರಿ ಸೀಮೆಯ ನಗರಂ ಹಳ್ಳಿಯಲ್ಲಿ ಗೇಲ್ ಸಂಸ್ಥೆಯ 18 ಇಂಚಿನ ಲೈನ್ ಸೋರಿ ಬೆಂಕಿ ಹತ್ತಿಕೊಂಡಿತು. 20ಕ್ಕೂ ಹೆಚ್ಚು ಜನ ಸತ್ತರು. ತೆಂಗಿನ ತೋಟಗಳೇ ಸುಟ್ಟು ಕರಕಲಾದವು. ಕಾರಣ ತುಕ್ಕು. ಆ ಲೈನಿನಲ್ಲಿ ಹೋಗಬೇಕಿದ್ದದ್ದು ಒಣ ಗ್ಯಾಸ್, ಹೋಗುತ್ತಿದ್ದದ್ದು ನೀರಿನಂಶ ಇರುವ ಗ್ಯಾಸ್. ನೀರು ಪೈಪಿನ ತಳದಲ್ಲಿ ನಿಂತು ಒಳಗಿನಿಂದ ಕೊರೆಯಿತು. ಉದ್ದದ ಟ್ರಾನ್ಸ್‌ಮಿಷನ್ ಲೈನಿನ ಗ್ಯಾಸಿಗೆ ವಾಸನೆಯೂ ಇರುವುದಿಲ್ಲ. ವಾಸನೆಯ ದ್ರವ ಸೇರಿಸುವುದು ಊರಿನ ಬಾಗಿಲಲ್ಲಿ, ಸಿಟಿ ಗೇಟ್ ಸ್ಟೇಷನ್ನಿನಲ್ಲಿ. ಹಾಗಾಗಿ ನಿದ್ದೆಯಲ್ಲಿದ್ದ ಹಳ್ಳಿಗೆ ಮೂಗು ಕೂಡ ಎಚ್ಚರಿಕೆ ಕೊಡುವ ಹಾಗಿರಲಿಲ್ಲ.

ನಮ್ಮಲ್ಲಿ ರೂಲ್ಸ್ ಇರಲಿಲ್ಲ ಅಂದುಕೊಳ್ಳಬೇಡಿ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ, ನಾವು ಪಿಎನ್‌ಜಿಆರ್‌ಬಿ ಅನ್ನುವುದು, 2006ರ ಕಾಯ್ದೆಯಿಂದ ಹುಟ್ಟಿದ್ದು. 2009ರಲ್ಲಿ ಅದು ಲೈನುಗಳ ತಾಂತ್ರಿಕ ಮಾನದಂಡ ಹೊರಡಿಸಿತು. ಲೈನಿನ ಆರೋಗ್ಯ ಕಾಪಾಡುವ ಇಂಟೆಗ್ರಿಟಿ ಮ್ಯಾನೇಜ್‌ಮೆಂಟ್ ನಿಯಮ 2012ರಲ್ಲಿ ಬಂತು. ನಗರಂ ಸುಡುವ ಎರಡು ವರ್ಷ ಮುಂಚೆ!

ನಿಯಮ ಮುರಿದರೆ ಕಾಯ್ದೆಯ ಪ್ರಕಾರ ಒಂದು ತಪ್ಪಿಗೆ 1 ಕೋಟಿ ರೂಪಾಯಿವರೆಗೆ ದಂಡ. ತಪ್ಪು ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೆ. ಕೇಳಲು ದೊಡ್ಡ ಮೊತ್ತ. ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ 1 ಕೋಟಿ ಎಷ್ಟರದು, ನೀವೇ ಯೋಚಿಸಿ. ಒಂದು ಉದ್ದದ ಲೈನಿನಲ್ಲಿ ಪಿಗ್ ಓಡಿಸಲು ಅದಕ್ಕಿಂತ ಜಾಸ್ತಿ ಖರ್ಚಾಗಬಹುದು. ನನಗೆ ಭರವಸೆ ಕೊಡುವುದು ದಿನದ ಲೆಕ್ಕದ ದಂಡವೇ. ಸಿಡಿಯುವ ಮೊದಲು, "ಈ ಪರೀಕ್ಷೆ ಬಾಕಿ ಇದೆ, ಇವತ್ತಿನಿಂದ ಮೀಟರ್ ಓಡುತ್ತೆ" ಅಂದರೆ ಯಾವ ಕಂಪನಿಯಾದರೂ ಓಡಿ ಬರುತ್ತದೆ.

ಇನ್ನು ಮಂಡಳಿ ಇರುವುದು ದೆಹಲಿಯಲ್ಲಿ. ದೇಶದ ಎಲ್ಲ ಲೈನನ್ನೂ ಅದರ ಸಿಬ್ಬಂದಿಯೇ ನಡೆದು ನೋಡಲು ಸಾಧ್ಯವಿಲ್ಲ. ಹಾಗಾಗಿ ಮೂರನೇ ಪಾರ್ಟಿ ಏಜೆನ್ಸಿಗಳಿಗೆ ಮಾನ್ಯತೆ ಕೊಡುತ್ತಾರೆ. ಅವರು ತಪಾಸಣೆ ಮಾಡಿ ವರದಿ ಕೊಡುತ್ತಾರೆ. ಏಜೆನ್ಸಿಯ ಬಿಲ್ ಕಟ್ಟುವುದು ಲೈನಿನ ಕಂಪನಿ. ನನ್ನ ಅನ್ನವೂ ಇದರಿಂದಲೇ ಬಂದದ್ದು, ಆದರೂ ಹೇಳುತ್ತೇನೆ: ಸಂಬಳ ಕೊಡುವವರ ತಪ್ಪು ಬರೆಯುವುದು ಸುಲಭವಲ್ಲ. ಸೈಟಿನಲ್ಲಿ ಯಾರೂ ಸುಳ್ಳು ಬರಿ ಅನ್ನುವುದಿಲ್ಲ. "ಇದನ್ನ ಅಬ್ಸರ್ವೇಷನ್ ಅಂತ ಹಾಕಿ ಸಾರ್, ಎನ್‌ಸಿ ಬೇಡ" ಅನ್ನುತ್ತಾರೆ. ಎನ್‌ಸಿ ಅಂದರೆ ನಿಯಮ ಪಾಲಿಸಿಲ್ಲ ಅಂತ. ಅದಕ್ಕೆ ಗಡುವು ಇದೆ, ಉತ್ತರ ಕೊಡಬೇಕು. ಅಬ್ಸರ್ವೇಷನ್ ಅಂದರೆ ಸುಮ್ನೆ ಗಮನಕ್ಕೆ. ಎಲ್ಲ ವ್ಯತ್ಯಾಸ ಆ ಒಂದು ಕಾಲಮ್ಮಿನಲ್ಲಿದೆ.

ಅಮೆರಿಕದಿಂದ ನಾವು ತರಬೇಕಾದದ್ದು ದಂಡದ ಮೊತ್ತವಲ್ಲ. ಅಲ್ಲಿನ ಕೇಂದ್ರದ ಪೈಪ್‌ಲೈನ್ ಸುರಕ್ಷತಾ ಇಲಾಖೆ ಯಾವ ಕಂಪನಿಗೆ ಯಾವ ನೋಟಿಸ್ ಕೊಟ್ಟಿತು, ಎಷ್ಟು ದಂಡ ಹಾಕಿತು, ಕೇಸ್ ಎಲ್ಲಿಗೆ ಬಂತು ಅನ್ನುವುದನ್ನು ಯಾರು ಬೇಕಾದರೂ ನೋಡುವ ಹಾಗೆ ಇಡುತ್ತದೆ. ಸ್ಯಾನ್ ಬ್ರೂನೊ ವರದಿಯನ್ನು ಇಲ್ಲಿ ಕೂತು ನಾನು ಓದಲು ಸಾಧ್ಯವಾದದ್ದೂ ಅದೇ ಅಭ್ಯಾಸದಿಂದ. ಬೆಳಗಾವಿ ಕಡೆಯಿಂದ ಬಿಡದಿವರೆಗೆ ಬರುವ ದಾಭೋಳ್ ಲೈನ್ ಪಕ್ಕದ ರೈತರಿಗೆ, ಕೊಚ್ಚಿಯಿಂದ ಮಂಗಳೂರಿಗೆ 2021ರಲ್ಲಿ ಶುರುವಾದ ಲೈನ್ ಪಕ್ಕದವರಿಗೆ, ತಮ್ಮ ಹೊಲದಡಿಯ ಪೈಪಿನಲ್ಲಿ ಕೊನೇ ಸಲ ಪಿಗ್ ಓಡಿದ್ದು ಯಾವಾಗ ಅಂತ ಗೊತ್ತಾಗಬೇಡವೇ?

ರೈತರ ಮೇಲೆ ಮಾತ್ರ ನಿಯಮ ಚೆನ್ನಾಗಿಯೇ ಜಾರಿಯಾಗುತ್ತದೆ. 1962ರ ಕಾಯ್ದೆಯ ಪ್ರಕಾರ ಜಮೀನು ರೈತರದೇ, ಅಡಿಯಲ್ಲಿ ಪೈಪ್ ಹಾಕುವ ಹಕ್ಕು ಕಂಪನಿಯದು. ಪೈಪ್ ಹೋಗಿರುವ ಆ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಪರಿಹಾರ ಜಮೀನಿನ ಮಾರುಕಟ್ಟೆ ಬೆಲೆಯ ನೂರಕ್ಕೆ 10. ಒಂದು ತೆಂಗಿನ ಸಸಿ ನೆಟ್ಟರೂ ಲೈನ್ ನೋಡಲು ಬರುವವರ ಕಣ್ಣಿಗೆ ಬೀಳುತ್ತದೆ. ಕಂಪನಿಯ ತಪ್ಪು ನೆಲದ ಅಡಿಯಲ್ಲಿರುತ್ತದೆ ನೋಡಿ. ಹಾಗಂತ ಆ ನಿಯಮ ಸುಳ್ಳಲ್ಲ, ಬೇರು ಪೈಪಿನ ಕೋಟಿಂಗನ್ನು ನಿಜವಾಗಿಯೂ ಕಿತ್ತುಹಾಕುತ್ತದೆ.

ಕೊನೆಗೆ ಎಲ್ಲರೂ ಕೇಳುವ ಮರಿ ಪ್ರಶ್ನೆ: "ಹಾಗಾದ್ರೆ ಮನೆಗೆ ಪೈಪ್ ಗ್ಯಾಸ್ ಹಾಕಿಸ್ಕೋಬಹುದಾ, ಬೇಡ್ವಾ?"

ಹಾಕಿಸಿಕೊಳ್ಳಿ. ಮೇಲೆ ಹೇಳಿದ್ದೆಲ್ಲ ದೊಡ್ಡ ಒತ್ತಡದ ಸ್ಟೀಲ್ ಲೈನಿನ ಕಥೆ. ನಿಮ್ಮ ಒಲೆಗೆ ಬರುವ ಗ್ಯಾಸಿನ ಒತ್ತಡ 21 ಮಿಲಿಬಾರ್ ಅಷ್ಟೆ. ಅದಕ್ಕೆ ವಾಸನೆ ಇರುತ್ತದೆ. ಗಾಳಿಗಿಂತ ಹಗುರ, ಹಾಗಾಗಿ ಸಿಲಿಂಡರ್ ಗ್ಯಾಸಿನಂತೆ ನೆಲಕ್ಕೆ ಅಂಟಿ ಕೂರದೆ ಮೇಲೆ ಹೋಗುತ್ತದೆ. ಅಡುಗೆಮನೆಯ ಮೇಲಿನ ವೆಂಟಿಲೇಟರ್ ಮಾತ್ರ ಮುಚ್ಚಬೇಡಿ. ಇಂಟೀರಿಯರ್‌ನವರು ಅಂದ ಕೆಡುತ್ತೆ ಅಂತ ಪ್ಲೈವುಡ್ ಹೊಡೆದು ಮುಚ್ಚಿರುವುದನ್ನು ಎಷ್ಟೋ ಮನೆಯಲ್ಲಿ ಕಂಡಿದ್ದೇನೆ.

ರಸ್ತೆಯ ಸಣ್ಣ ಪ್ಲಾಸ್ಟಿಕ್ ಲೈನಿಗೆ ದೊಡ್ಡ ಶತ್ರು ಜೆಸಿಬಿ. ನೀರಿನವರು, ಕೇಬಲ್‌ನವರು, ಚರಂಡಿಯವರು ಒಬ್ಬರಿಗೊಬ್ಬರು ಹೇಳದೆ ಅಗೆಯುತ್ತಾರೆ. ಅಗೆಯುವ ಮೊದಲು ತಿಳಿಸಲಿ ಅಂತ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ತಂದಿದೆ. ನಿಮ್ಮ ರಸ್ತೆಗೆ ಜೆಸಿಬಿ ಬಂದರೆ ಡ್ರೈವರ್ ಹತ್ತಿರ ಜಗಳ ಬೇಡ, ಪಾಪ ಅವರಿಗೆ ಏನೂ ಗೊತ್ತಿರುವುದಿಲ್ಲ. ಕಂಟ್ರಾಕ್ಟರ್‌ಗೆ ಫೋನ್ ಹಚ್ಚಿ, ಗ್ಯಾಸ್‌ನವರಿಗೆ ಹೇಳಿದ್ದೀರಾ ಅಂತ ಕೇಳಿ. ಇಲ್ಲ ಅಂದರೆ ಗ್ಯಾಸ್ ಲೈನ್ ಇದೆ ಅಂತ ತೋರಿಸುವ ಹತ್ತಿರದ ಮಾರ್ಕರ್ ಕಂಬ ಹುಡುಕಿ. ಎಮರ್ಜೆನ್ಸಿ ನಂಬರ್ ಅದರ ಮೇಲೇ ಬರೆದಿರುತ್ತದೆ. ನೀವೇ ಫೋನ್ ಮಾಡಿ, ಅವರು ಬಂದು ಲೈನ್ ತೋರಿಸುವವರೆಗೆ ಬಕೆಟ್ ನೆಲಕ್ಕೆ ಇಳಿಸದ ಹಾಗೆ ನೋಡಿಕೊಳ್ಳಿ.