ಚಿತ್ರ ತೆಗೆಯುವ ಮೊದಲೇ ಮೂಡುವ ಚಿಂತೆ

ಹದಿಹರೆಯದವರು ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡುತ್ತಾರೆ ಎಂದು ಲೆಕ್ಕ ಹಾಕುವುದು ಸುಲಭ. ಆದರೆ ಮೊಬೈಲ್ ಕೆಳಗಿಟ್ಟ ಮೇಲೂ ತಮ್ಮ ರೂಪದ ಬಗ್ಗೆ ಅವರ ತಲೆಯಲ್ಲಿ ಓಡುತ್ತಲೇ ಇರುವ ಯೋಚನೆಯನ್ನು ಗಂಟೆಗಳ ಲೆಕ್ಕ ಹಿಡಿಯಲಾರದು. ಅಮೆರಿಕದ ಮನಃಶಾಸ್ತ್ರಜ್ಞೆ ಸೋಫಿಯಾ ಚೌಕಾಸ್-ಬ್ರಾಡ್ಲಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಮಾಪಕವು ಅಳೆಯಹೊರಟಿರುವುದು ಇದನ್ನೇ. ಅದರಲ್ಲಿರುವ 13 ಹೇಳಿಕೆಗಳಿಗೆ, ‘ಎಂದೂ ಇಲ್ಲ’ ಎಂಬ 1ರಿಂದ ‘ಯಾವಾಗಲೂ’ ಎಂಬ 7ರವರೆಗೆ ಅಂಕ ಕೊಡಬೇಕು.

ಹೇಳಿಕೆಗಳು ನೇರವಾಗಿ ಮರ್ಮಕ್ಕೇ ತಟ್ಟುತ್ತವೆ. ತನ್ನ ಚಿತ್ರವನ್ನು ಹಿಗ್ಗಿಸಿ ದೇಹದ ಒಂದೊಂದು ಭಾಗವನ್ನೂ ಪರೀಕ್ಷಿಸುವುದು, ಯಾರೋ ಫೋಟೊ ತೆಗೆಯುತ್ತಿರುವಾಗಲೇ ಅದು ಸಾಮಾಜಿಕ ಜಾಲತಾಣದಲ್ಲಿ ಹೇಗೆ ಕಂಡೀತೆಂದು ಯೋಚಿಸುವುದು, ಒಬ್ಬರೇ ಇರುವಾಗಲೂ ಚಿತ್ರದಲ್ಲಿ ತನ್ನ ಮೈ ಹೇಗೆ ಕಾಣಬಹುದೆಂದು ಕಲ್ಪಿಸಿಕೊಳ್ಳುವುದು ಇತ್ಯಾದಿ. ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಈ ಕೊನೆಯದು, ಏಕೆಂದರೆ ಅಲ್ಲಿ ಕ್ಯಾಮೆರಾವೂ ಇಲ್ಲ, ನೋಡುಗರೂ ಇಲ್ಲ.

ಈ ಮಾಪಕವನ್ನು ಹದಿಹರೆಯದವರಲ್ಲಿ ಪರೀಕ್ಷಿಸಿದ ಅವರ ಅಧ್ಯಯನದಲ್ಲಿ ಹುಡುಗಿಯರ ಅಂಕ ಹುಡುಗರಿಗಿಂತ ಹೆಚ್ಚಿತ್ತು (ಇದರಲ್ಲಿ ಅಚ್ಚರಿಯೇನಿಲ್ಲ). ಅದಕ್ಕಿಂತ ಮುಖ್ಯವಾದ ಮಾತೆಂದರೆ, ಜಾಲತಾಣಗಳಲ್ಲಿ ಕಳೆಯುವ ಸಮಯವನ್ನು ಗಣನೆಗೆ ತೆಗೆದುಕೊಂಡ ಮೇಲೂ ಹೆಚ್ಚಿನ ಅಂಕಕ್ಕೂ ಖಿನ್ನತೆಯ ಲಕ್ಷಣಗಳಿಗೂ ನಂಟು ಉಳಿದುಕೊಂಡಿತು. ಹಾಗೆಂದು ಒಂದರಿಂದಲೇ ಇನ್ನೊಂದು ಹುಟ್ಟುತ್ತದೆ ಎನ್ನಲಾಗದು. ಮೊದಲೇ ಕುಗ್ಗಿರುವ ಮನಸ್ಸು ತನ್ನ ಚಿತ್ರಗಳಲ್ಲಿ ಕೊರತೆಯನ್ನೇ ಹುಡುಕುತ್ತಿರಲೂಬಹುದು. ಜೊತೆಗೆ, ಉತ್ತರಿಸುವವರು ಎಷ್ಟು ಪ್ರಾಮಾಣಿಕರೋ ಅಂಕಗಳೂ ಅಷ್ಟೇ ನಂಬಲರ್ಹ. ಆದರೂ, ಮಕ್ಕಳ ಮೊಬೈಲ್ ಬಳಕೆಗೆ ಗಡುವು ಹಾಕುವ ಹಿರಿಯರು ಗಡಿಯಾರಕ್ಕಿಂತ ಮೊದಲು ಈ ಹೇಳಿಕೆಗಳತ್ತ ಕಣ್ಣು ಹಾಯಿಸಬೇಕೆಂದು ನನ್ನ ಅಭಿಪ್ರಾಯ.