ಕಕ್ಕಸಿನ ಬಾಗಿಲು ಕಿತ್ತು ದೋಣಿ ನಡೆಸಿದವರು

ಕ್ರಿಕೆಟ್ ಸ್ಕೋರ್ ಬಾಯಿಪಾಠ ಇರೋ ನಮಗೆ ಅಭಿಲಾಷ್ ಟೋಮಿ ಹೆಸರು ಅಷ್ಟಾಗಿ ಗೊತ್ತಿಲ್ಲ, ಅಲ್ವಾ? ನೌಕಾಪಡೆಯಲ್ಲಿ ಪೈಲಟ್ ಆಗಿದ್ದವರು. 2013ರಲ್ಲಿ, ಎಲ್ಲೂ ನಿಲ್ಲದೆ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯರಾದರು.

ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಎಲ್ಲೂ ನಿಲ್ಲದೆ ಭೂಮಿ ಸುತ್ತೋ ಪಂದ್ಯವಾದ 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ, ಹಿಂದೂ ಮಹಾಸಾಗರದ ತೆಂಕಣ ತುದಿಯ ಬಿರುಗಾಳಿಗೆ ದೋಣಿ ಮಗುಚಿ, ಬೆನ್ನುಮೂಳೆ ಮುರಿದು, ಎದ್ದು ನಿಲ್ಲೋಕೂ ಆಗದೆ ಮಲಗಿದ್ದವರನ್ನು ಫ್ರೆಂಚ್ ಹಡಗೊಂದು ಬಂದು ಕಾಪಾಡಿತು. ನಾನಾಗಿದ್ದರೆ ಕೆರೆಯ ಹತ್ತಿರಾನೂ ಸುಳಿಯುತ್ತಿರಲಿಲ್ಲ.

ಅವರು 2022ರಲ್ಲಿ ಅದೇ ರೇಸ್‌ಗೆ ಮತ್ತೆ ಹೊರಟರು! ಜಿಪಿಎಸ್ ನೋಡುವಂತಿಲ್ಲ. ಸೂರ್ಯ, ನಕ್ಷತ್ರ ನೋಡಿ, ಅವು ಆಕಾಶದಲ್ಲಿ ಎಷ್ಟು ಎತ್ತರದಲ್ಲಿವೆ ಅಂತ ಅಳೆಯೋ ಸೆಕ್ಸ್‌ಟೆಂಟ್ ಹಿಡಿದು, ಕಾಗದದ ನಕ್ಷೆಯ ಮೇಲೆ ಗುರುತು ಹಾಕಬೇಕು. ಗಾಳಿಯ ದಿಕ್ಕಿಗೆ ತಕ್ಕಂತೆ ದೋಣಿಯನ್ನು ತಾನೇ ತಿರುಗಿಸೋ ವಿಂಡ್‌ವೇನ್ ಅನ್ನೋ ಸಾಧನ ಇರುತ್ತೆ, ಅದಿದ್ದರೇ ನಿದ್ದೆ. ಅದು ಮುರಿದಾಗ ಕಕ್ಕಸಿನ ಬಾಗಿಲನ್ನೇ ಕತ್ತರಿಸಿ ಹಲಗೆ ಮಾಡಿಕೊಂಡರು. ನನಗಂತೂ ಪದಕಕ್ಕಿಂತ ಇದೇ ಜಾಸ್ತಿ ಇಷ್ಟ.

236 ದಿನ ಕಳೆದು ಫ್ರಾನ್ಸ್ ದಡ ಮುಟ್ಟಿದಾಗ ಎರಡನೇ ಸ್ಥಾನ. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್. ಅವರ ಕತೆಯೂ ಸುಮ್ನೆ ಅಲ್ಲ, ಅದನ್ನು ಇನ್ನೊಮ್ಮೆ ಬರೀತೀನಿ.